ಜುಲೈಯಲ್ಲಿ ಸಿಕ್ಕಿದ ಬಂಗುಡೆ

ಮಂಗಳೂರಿನ ಹಂಪನಕಟ್ಟೆಯ ಹೋಟೆಲಲ್ಲಿ ಗೋಳಿಬಜೆ ಬರುವ ಮೊದಲೇ ಪಿಂಟೋ ಶುರು ಮಾಡಿದ.

“ನಿನ್ನ ಮೀನಿನ ಧನಿಗಳನ್ನು ಪೊಲೀಸರು ಹಿಡಿದ್ರಂತೆ, ಹೌದಾ?”

“ಇಲ್ಲ ಮಾರಾಯ. ಅವರೇ ಹೆದರಿ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದ್ದು.”

ಬಂದರಿನ ದಕ್ಕೆಯಲ್ಲಿ ಮೀನಿನ ವ್ಯಾಪಾರ ಮಾಡುವ ಒಬ್ಬರಿಗೆ ನಾನು ಡ್ಯಾಶ್‌ಬೋರ್ಡ್ ಮಾಡಿ ಕೊಟ್ಟಿದ್ದೆ. ದಿನದ ಖರೀದಿ ಮೊಬೈಲಲ್ಲಿ ಕಂಬ ಕಂಬವಾಗಿ ಕಾಣುತ್ತದೆ. ಜುಲೈ 4ರಲ್ಲಿ ಒಂದು ಕಂಬ ಎದ್ದು ನಿಂತಿತ್ತು: 850 ಕಿಲೋ ಬಂಗುಡೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಧನಿಗಳ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಹಾಕಿದ್ದವು. ಮತ್ತೆ ಮೀನು ಎಲ್ಲಿಂದ?

“ಅದು ಬಿಡು, ಡಿಸೆಂಬರ್ 4ಕ್ಕೂ ಖರೀದಿ ಇತ್ತು” ಅಂದೆ.

“ಬರುವ ಡಿಸೆಂಬರಾ?” ಭಟ್ರು ಬಜೆಗೆ ಚಟ್ನಿ ಅದ್ದುತ್ತಾ ಕೇಳಿದರು. “ಹುಟ್ಟದ ಮೀನಿಗೆ ಜಾತಕ ಬರೆದ ಹಾಗಾಯ್ತು.”

ಎಲ್ಲ ತಿಂಗಳಲ್ಲೂ ಖರೀದಿ ಇದೆ, ಆದರೆ 4 ಮತ್ತು 5ನೇ ತಾರೀಕಿಗೆ ಮಾತ್ರ. ಆಗ ನನಗೆ ಹೊಳೆಯಿತು. ಧನಿಗಳ ಲೆಕ್ಕ ಬರೆಯುವ ರೈಟರ್ ಬರೆದದ್ದು ಏಪ್ರಿಲ್, ಮೇ ಲೆಕ್ಕ. 07/04 ಅಂದರೆ ನಮಗೆ ಏಪ್ರಿಲ್ 7. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದು, ಅಲ್ಲಿ ತಿಂಗಳು ಮೊದಲು. ಅದು ಜುಲೈ 4 ಎಂದು ಓದಿತು. ಸರಿಯಾಗಿ ಉಳಿದದ್ದು ಎರಡೇ ದಿನ: ಏಪ್ರಿಲ್ 4, ಮೇ 5.

“13ನೇ ತಾರೀಕಿನಿಂದ ಮುಂದಿನದ್ದು?” ಪಿಂಟೋ ಕೇಳಿದ.

“ಹದಿಮೂರನೇ ತಿಂಗಳು ಉಂಟಾ? ಅವನ್ನೆಲ್ಲ ಸುಮ್ನೆ ಅಕ್ಷರ ಎಂದು ಬಿಟ್ಟಿತು. ಎಕ್ಸೆಲ್‌ನಲ್ಲಿ ನೋಡು, ತಾರೀಕು ಎಂದು ಒಪ್ಪಿದ್ದು ಬಲಕ್ಕೆ ಒರಗುತ್ತದೆ, ಒಪ್ಪದ್ದು ಎಡಕ್ಕೆ. ಎಡದವರು ಯಾರೂ ಗ್ರಾಫಿಗೆ ಬರಲಿಲ್ಲ.”

ತಪ್ಪಿದ್ದು ಎರರ್ ಕೊಟ್ಟಿದ್ದರೆ ಅವತ್ತೇ ಸಿಗುತ್ತಿತ್ತು. ಇದು ಚಂದವಾಗಿ ಗ್ರಾಫ್ ತೋರಿಸಿಕೊಂಡು ಕೂತಿತ್ತು!

“ಒಳಗೆ ತಾರೀಕು ಹೇಗೆ ಇಡುತ್ತದೆ ಅದು?” ಭಟ್ರಿಗೆ ಕುತೂಹಲ.

“ಬರೀ ದಿನದ ಎಣಿಕೆ ಭಟ್ರೆ. 1900ರ ಜನವರಿ 1 ಅಂದ್ರೆ 1. ಹಾಗೇ ಎಣಿಸಿದರೆ 45000 ಅಂದ್ರೆ 2023ರ ಮಾರ್ಚ್ 15.”

“ಅದು ನಮ್ಮ ಅಹರ್ಗಣ! ಕಲಿಯುಗದಿಂದ ಎಣಿಸುವ ಬದಲು 1900ರಿಂದ ಎಣಿಸಿದ್ದಾರೆ, ಅಷ್ಟೇ.”

“ಆದ್ರೆ 1900ರ ಫೆಬ್ರವರಿ 29 ಎಂಬ ಇಲ್ಲದ ದಿನವನ್ನೂ ಎಣಿಸಿದ್ದಾರೆ. ಲೋಟಸ್ 1-2-3 ಎಂಬ ಹಳೇ ಲೆಕ್ಕದ ಸಾಫ್ಟ್‌ವೇರಿನಲ್ಲಿದ್ದ ತಪ್ಪು. ಅದರ ಫೈಲುಗಳು ಹೊಂದಬೇಕು ಅಂತ ಎಕ್ಸೆಲ್ ಹಾಗೇ ಉಳಿಸಿಕೊಂಡಿತು.”

ಭಟ್ರು ಬಜೆ ಕೆಳಗಿಟ್ಟರು. “ಇಲ್ಲದ ದಿನವಾ? ನಮ್ಮ ಅಧಿಕಮಾಸಕ್ಕಾದ್ರೂ ಒಂದು ಲೆಕ್ಕ ಉಂಟು.”

ತೂಕದ ಕಥೆ ಬೇರೆ. ರೈಟರ್ ಕೆಲವು ದಿನ “250 ಕಿಲೋ” ಎಂದು ಅಕ್ಷರ ಸೇರಿಸಿ ಬರೆದಿದ್ದ. ಒಂದು ದಿನ “ಗಾಳಿ, ಬೋಟು ಹೋಗ್ಲಿಲ್ಲ” ಎಂದೂ ಇತ್ತು. ಇಡೀ ಕಾಲಂ ಅಕ್ಷರವಾಯಿತು. ಸಾಲಾಗಿ ಜೋಡಿಸಿದರೆ 90 ದೊಡ್ಡದು, 250 ಚಿಕ್ಕದು. ಅಕ್ಷರವಾಗಿ ಹೋಲಿಸುವಾಗ ಮೊದಲ ಅಂಕಿಯನ್ನೇ ಮೊದಲು ನೋಡುತ್ತದೆ, 2ಕ್ಕಿಂತ 9 ಮೇಲೆ ಅಲ್ವಾ!

“ಈಗ ಎಂತ ಮಾಡಿದೆ?”

“ರೈಟರ್ ಕಳಿಸಿದ ಮೂಲ ಫೈಲಿನಿಂದ ಮತ್ತೆ ತಂದೆ. ತರುವಾಗಲೇ ದಿನ ಮೊದಲು, ತಿಂಗಳು ಆಮೇಲೆ ಎಂದು ಹೇಳಿದೆ. ಒಳಗೆ ತಾರೀಕಾಗಿಯೇ ಇಟ್ಟೆ. ತೋರಿಸುವಾಗ ತಿಂಗಳ ಹೆಸರೇ ಬರುತ್ತದೆ. ತೂಕದಲ್ಲಿ ಅಂಕಿ ಮಾತ್ರ, ಗಾಳಿಯ ಸುದ್ದಿಗೆ ಬೇರೆ ಕಾಲಂ.”

“ಧನಿಗಳು ಎಂತ ಹೇಳಿದ್ರು?”

“ಡಿಸೆಂಬರ್ ಮೀನು ಹೋಯ್ತಲ್ಲ ಅಂತ ಸ್ವಲ್ಪ ಬೇಜಾರು.”

ಬಿಲ್ ಬಂತು. ಪಿಂಟೋ ಎಂದಿನಂತೆ ಮುಂದಿನ ತಿಂಗಳು ಕೊಡುತ್ತೇನೆ ಎಂದ. ಭಟ್ರು ಬಿಲ್ಲಿನ ತಾರೀಕು ನೋಡಿ ಅವನ ಕಡೆಗೆ ತಳ್ಳಿದರು.

“08/08. ಅಮೆರಿಕದವ ಓದಿದ್ರೂ ಇವತ್ತೇ ಮಾರಾಯ. ತೆಗಿ ಪರ್ಸು.”