ಹಳೆಯ ಜೀಪಿಗೆ ಗ್ರೀಸ್: ಎಲ್ಲಿ, ಎಷ್ಟು, ಯಾವಾಗ?

ಪ್ರಶ್ನೆ (ಮಂಡ್ಯ): ಮಾವನವರ ಕಾಲದ ಮಹೀಂದ್ರ ಫೋರ್ ವೀಲ್ ಜೀಪು ನನ್ನ ಕೈಗೆ ಬಂದಿದೆ. ಕಬ್ಬಿನ ಗದ್ದೆಗೆ, ನಾಲೆ ಏರಿಯ ಮೇಲೆ ಓಡಾಟ. ಕ್ಲಚ್ ಬಿಟ್ಟೊಡನೆ ಕೆಳಗೆಲ್ಲೋ ‘ಟಕ್’ ಎನ್ನುತ್ತದೆ. ವಾಟರ್ ಸರ್ವಿಸ್‌ನವರು ಗ್ರೀಸ್ ಹೊಡೆದಿದ್ದೇವೆ ಎನ್ನುತ್ತಾರೆ, ನಂಬಿಕೆ ಬರುತ್ತಿಲ್ಲ. ಇನ್ನು ನಾನೇ ಹೊಡೆಯೋಣವೆಂದಿದ್ದೇನೆ. ಅನುಭವವಿರುವವರು ತಿಳಿಸಿ.

ಪಾಂಡವಪುರದಿಂದ: ಅಣ್ಣಾ, ಗ್ರೀಸ್ ಗನ್ ಕೊಳ್ಳುವ ಮೊದಲು ಆ ಸದ್ದಿನ ಮೂಲ ಹುಡುಕಿ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ ನ್ಯೂಟ್ರಲ್ ಮಾಡಿ. ಎಂಜಿನ್ ಬಲವನ್ನು ಆಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ, ಮೇಲೆ ಕೆಳಗೆ ಅಲ್ಲಾಡಿಸಿ. ಶಾಫ್ಟಿನ ತುದಿಯ ಕೀಲಿನಲ್ಲಿರುವ, ಕೂಡುಗುರುತಿನಂಥ ಕ್ರಾಸ್‌ನಲ್ಲೇ ಆಟ (ಸಡಿಲ) ಕಂಡರೆ, ಅದರ ಬಟ್ಟಲುಗಳ ಸುತ್ತ ಕೆಂಪು ಪುಡಿ ಇದ್ದರೆ, ಒಳಗಿನ ನೀಡಲ್ ಬೇರಿಂಗ್ ಒಣಗಿ ತುಕ್ಕು ತಿಂದಿದೆ ಎಂದೇ ಅರ್ಥ. ಅದಕ್ಕೆ ಡಬ್ಬಿಗಟ್ಟಲೆ ಗ್ರೀಸ್ ಸುರಿದರೂ ಪ್ರಯೋಜನವಿಲ್ಲ, ಕ್ರಾಸ್ ಬದಲಿಸಿ. ಬಿಚ್ಚುವ ಮೊದಲು ಶಾಫ್ಟಿನ ಎರಡೂ ಭಾಗಗಳ ಮೇಲೆ ಗುರುತು ಹಾಕಿಕೊಳ್ಳಿ. ಕ್ರಾಸನ್ನು ಹಿಡಿಯುವ ಕವಲುಗಳಾದ ನೊಗಗಳು ಒಂದಕ್ಕೊಂದು ನೇರವಾಗಿ ಕೂರದಿದ್ದರೆ ಗಾಡಿ ನಡುಗುತ್ತದೆ.

ಆಟ ಇಲ್ಲದಿದ್ದರೆ ಗ್ರೀಸ್ ಹೊಡೆಯಿರಿ. ಗ್ರೀಸ್ ಒಳಹೋಗುವ ಪುಟ್ಟ ಮೂತಿಯಾದ ನಿಪ್ಪಲ್ಲನ್ನು ಬಟ್ಟೆಯಿಂದ ಒರೆಸದೆ ಗನ್ ಇಡಬೇಡಿ, ಅದರ ತಲೆಯ ಮೇಲಿನ ಮರಳು ನೇರವಾಗಿ ಬೇರಿಂಗ್‌ಗೆ ಹೋಗುತ್ತದೆ. ಎಷ್ಟು ಸಲ ಒತ್ತಬೇಕೆಂದು ಲೆಕ್ಕ ಕೇಳುವವರಿದ್ದಾರೆ. ಲೆಕ್ಕ ಬೇಡ, ಕಣ್ಣಿಟ್ಟು ನೋಡಿ: ಕ್ರಾಸ್‌ನ ನಾಲ್ಕೂ ಬಾಯಿಗಳಲ್ಲಿ ಹಳೆಯ ಕಪ್ಪು ಗ್ರೀಸ್ ಹೊರಬಂದು, ಹಿಂದೆಯೇ ಹೊಸದು ಇಣುಕಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದೇ ನಿಮ್ಮನ್ನು ನಡುದಾರಿಯಲ್ಲಿ ಕೂರಿಸುತ್ತದೆ. ಶಾಫ್ಟನ್ನು ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ ನೋಡಿ.

ಮೈಸೂರಿನಿಂದ: ಮೇಲಿನವರ ಮಾತು ಕ್ರಾಸ್‌ಗೆ ಸರಿ, ಸ್ಲಿಪ್ ಜಾಯಿಂಟ್‌ಗೆ ಅಲ್ಲ. ಗಾಡಿ ಕುಣಿದಾಗ ಶಾಫ್ಟ್ ಉದ್ದವಾಗುತ್ತ ಗಿಡ್ಡವಾಗುತ್ತ ಹೋಗುವುದು ಅಲ್ಲಿಯೇ. ಜಾಕ್ ಕೊಟ್ಟು ಆಕ್ಸಲ್ ಜೋತು ಬಿದ್ದಿರುವಾಗ ಅದನ್ನು ಗಂಟಲ ತನಕ ತುಂಬಿಸಿದರೆ, ಚಕ್ರ ನೆಲಕ್ಕಿಳಿದ ಮೇಲೆ ಗ್ರೀಸ್‌ಗೆ ಜಾಗವಿರುವುದಿಲ್ಲ. ಮುಚ್ಚಳ ಕಿತ್ತು ಬರುತ್ತದೆ, ಇಲ್ಲವೇ ಒತ್ತಡವೆಲ್ಲ, ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಬೇರಿಂಗ್ ಮೇಲೆ ಬೀಳುತ್ತದೆ. ಆದ್ದರಿಂದ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರುವಾಗಲೇ ನಿಧಾನವಾಗಿ ಒತ್ತಿ, ಗ್ರೀಸ್ ಕಾಣಿಸಿದೊಡನೆ ನಿಲ್ಲಿಸಿ.

ಸ್ಪ್ರಿಂಗ್ ಪಟ್ಟಿಯ ತುದಿಯನ್ನು ಛಾಸಿಗೆ ಜೋಡಿಸುವ ಶಾಕಲ್‌ಗಳದ್ದು ಇದಕ್ಕೆ ತದ್ವಿರುದ್ಧ. ಭಾರ ಕೂತಿರುವಾಗ ಪಿನ್ನಿನ ಒಂದು ಬದಿ ಬುಷ್‌ಗೆ ಅಂಟಿಕೊಂಡಿರುತ್ತದೆ, ಸವೆಯುವ ಆ ಬದಿಗೇ ಗ್ರೀಸ್ ಹೋಗುವುದಿಲ್ಲ. ಛಾಸಿಗೆ ಜಾಕ್ ಕೊಟ್ಟು, ಕೆಳಗೆ ಗಟ್ಟಿಯಾದ ಸ್ಟ್ಯಾಂಡ್ ಇಟ್ಟು, ಭಾರ ಇಳಿಸಿ ಹೊಡೆಯಿರಿ. ರಬ್ಬರ್ ಬುಷ್ ಹಾಕಿಸಿದ್ದರೆ ಅತ್ತ ಹೋಗಲೇಬೇಡಿ, ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ. ಸ್ಟಿಯರಿಂಗಿನ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್, ಪೆಡಲ್ ಶಾಫ್ಟ್ ಇವಕ್ಕೆ ವಿಶೇಷವೇನಿಲ್ಲ. ನಿಪ್ಪಲ್ ಕಟ್ಟಿಕೊಂಡಿದ್ದರೆ ಕುಟ್ಟುತ್ತ ಕೂರದೆ ಹೊಸದು ಹಾಕಿ, ಎಷ್ಟು ಮಹಾ ಬೆಲೆ!

ಶ್ರೀರಂಗಪಟ್ಟಣದಿಂದ: ಯಾವಾಗ ಎಂಬುದನ್ನು ಯಾರೂ ಹೇಳಲಿಲ್ಲ. ಮಹೀಂದ್ರ ಜೀಪಿಗೆ ಮೂಲವಾದ ಅಮೆರಿಕದ ವಿಲ್ಲೀಸ್ ಜೀಪಿನ ಹಳೆಯ ಕೈಪಿಡಿಯ ಪ್ರಕಾರ ಸಾವಿರ ಮೈಲಿಗೊಮ್ಮೆ, ಅಂದರೆ ಸುಮಾರು 1,600 ಕಿಲೋಮೀಟರಿಗೊಮ್ಮೆ. ಆದರೆ ನೀರಿಗಿಳಿದ ದಿನ ಮೀಟರ್ ನೋಡಬೇಡಿ. ಕಾದ ಹಬ್ (ಚಕ್ರದ ನಡುಭಾಗ) ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಮಿಕ್ಕ ಕಡೆ, ಅಂದು ಸಂಜೆಯೇ ನಿಪ್ಪಲ್‌ಗಳಿಗೆಲ್ಲ ಹೊಡೆದರೆ ಅಲ್ಲಿ ಸೇರಿದ ನೀರು ಹಳೆಯ ಗ್ರೀಸಿನೊಂದಿಗೆ ಹೊರಬರುತ್ತದೆ. ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಬಣ್ಣ ತಿರುಗುವವರೆಗೆ ಒತ್ತುತ್ತಿರಿ. ಸ್ಪ್ರಿಂಗ್ ಪಟ್ಟಿಗಳ ನಡುವೆ ಗ್ರೀಸ್ ಬಳಿಯುವುದು ನನಗಂತೂ ಒಪ್ಪಿಗೆಯಿಲ್ಲ. ಏರಿಯ ಧೂಳು ಅದಕ್ಕೆ ಮೆತ್ತಿಕೊಂಡು ಅರದಂತೆ ಉಜ್ಜುತ್ತದೆ.

ಪಾಂಡವಪುರದಿಂದ ಮತ್ತೆ: ಪಟ್ಟಿಗೆ ಗ್ರಾಫೈಟ್ ಗ್ರೀಸ್ ತೆಳ್ಳಗೆ ಬಳಿದರೆ ಕಿರುಗುಟ್ಟುವುದು ನಿಲ್ಲುತ್ತದೆ ಸ್ವಾಮಿ, ನಾನು ಬಿಡುವವನಲ್ಲ. ಗ್ರೀಸ್ ಯಾವುದೆಂದರೆ, ಎನ್‌ಎಲ್‌ಜಿಐ 2 ದರ್ಜೆಯ (ಗಟ್ಟಿತನದ ಅಳತೆ) ಲಿಥಿಯಂ ಇಪಿ (ಹೆಚ್ಚಿನ ಒತ್ತಡ ತಡೆಯುವ) ಗ್ರೀಸ್ ಛಾಸಿಗೂ ಕ್ರಾಸ್‌ಗೂ ಸಾಕು. ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ, ಕೆಲವು ಕೂಡಿದರೆ ನೀರಾಗಿ ಸೋರುತ್ತವೆ. ಚಕ್ರದ ಬೇರಿಂಗ್‌ಗಳನ್ನು ಬಿಚ್ಚಿ, ತೊಳೆದು, ಒಣಗಿಸಿ, ಉಷ್ಣ ತಡೆಯುವ ಗ್ರೀಸನ್ನು ಅಂಗೈಯಲ್ಲಿಟ್ಟು ರೋಲರ್‌ಗಳ ನಡುವೆ ಒತ್ತಿ ತುಂಬಬೇಕು. ಹಬ್ ಪೂರ್ತಿ ತುಂಬಿಸಬೇಡಿ, ಮಿಕ್ಕದ್ದು ಕರಗಿ ಬ್ರೇಕ್ ಡ್ರಮ್ ಸೇರುತ್ತದೆ.