ಲೋಳೆಸರದ ವೀಡಿಯೊ, ದೊಡ್ಡಪ್ಪನ ಹಸು

ರಘು: (ಫಾರ್ವರ್ಡ್ ವೀಡಿಯೊ) ಕೆಚ್ಚಲು ಬಾವಿಗೆ ಇಂಜೆಕ್ಷನ್ ಬೇಡವೇ ಬೇಡ! ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ. ರುಬ್ಬಿ ಹಚ್ಚಿ. ಎಲ್ಲ ರೈತರಿಗೂ ಕಳಿಸಿ.

ದೊಡ್ಡಪ್ಪ: ಒಳ್ಳೆಯದು ಕಳಿಸಿದೆ ಕಣೋ. ನಮ್ಮ ಕೆಂಪಿಗೆ ಈ ವರ್ಷ ಮೂರನೇ ಸಲ ಬಾವು. ಇಂಜೆಕ್ಷನ್‌ಗೆ ಈಗ ಜಗ್ಗುವುದೇ ಇಲ್ಲ.

ವಿದ್ಯಾ: ಆ ಮದ್ದು ಸುಳ್ಳಲ್ಲ, ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) ಅವರೇ ಹೇಳಿಕೊಡುತ್ತಾರೆ. ‘ಬೇಡವೇ ಬೇಡ’ ಅನ್ನುವುದು ಯಾರೋ ಸೇರಿಸಿದ ಬಾಲ. ಹಸುವಿಗೆ ಜ್ವರ ಬಂದು ಮೇವು ಬಿಟ್ಟಿತು ಅಂದರೆ ಲೋಳೆಸರ ರುಬ್ಬುತ್ತಾ ಕೂರುವ ಹಾಗಿಲ್ಲ. ದೊಡ್ಡಪ್ಪ, ಎಷ್ಟು ದಿನ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡಿಸಿದಿರಿ?

ದೊಡ್ಡಪ್ಪ: ಎರಡು ದಿನ. ಬಾವು ಇಳಿಯಿತು, ನಿಲ್ಲಿಸಿದೆ. ಹಳೇ ಚೀಟಿ ತೋರಿಸಿ ಮೆಡಿಕಲ್‌ನಿಂದ ತಂದಿದ್ದು.

ವಿದ್ಯಾ: ಅಲ್ಲೇ ಎಡವಟ್ಟಾಗಿದ್ದು. ಸ್ಟೆಫಿಲೊಕಾಕಸ್ ಆರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಬಾವು ಇಳಿದರೂ ಕೆಚ್ಚಲಿನ ಒಳಗೆ ಅಡಗಿ ಕೂತಿರುತ್ತದೆ. ಪ್ರತಿ ಸಲ ಅದೇ ಔಷಧಿ ಅರ್ಧಂಬರ್ಧ ಕೊಟ್ಟರೆ, ಅದಕ್ಕೆ ಬಗ್ಗದವೇ ಉಳಿದು ಹೆಚ್ಚುತ್ತವೆ. ಇಂಜೆಕ್ಷನ್‌ಗೆ ಮುಂಚೆ ಹಾಲಿನ ಸ್ಯಾಂಪಲ್ ಲ್ಯಾಬಿಗೆ ಕಳಿಸಿ. ಯಾವ ಔಷಧಿಗೆ ಸಾಯುತ್ತದೆ ಅಂತ ಗೊತ್ತಾಗುತ್ತದೆ. ಔಷಧಿಯ ಅಂಶ ಹಾಲಿಗೂ ಇಳಿಯುತ್ತದೆ, ಇಂಜೆಕ್ಷನ್ ಮುಗಿಯುವವರೆಗೂ ಆಮೇಲೆ ಮೂರ್ನಾಲ್ಕು ದಿನವೂ ಡೈರಿಗೆ ಹಾಲು ಹಾಕಬೇಡಿ.

ದೊಡ್ಡಪ್ಪ: ದಿನಕ್ಕೆ 11 ಲೀಟರ್ ಹಾಲು ಕಣಮ್ಮ. ಇಂಜೆಕ್ಷನ್ ಮುಗಿಯುವವರೆಗೆ ಹಾಕಬೇಡ, ಆಮೇಲೂ ಮೂರ್ನಾಲ್ಕು ದಿನ ಹಾಕಬೇಡ ಅಂತೀಯ. ಸಾಲದ ಕಂತು ಲ್ಯಾಬಿನವರು ಕಟ್ಟುತ್ತಾರಾ?

ವಿದ್ಯಾ: ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ನಿಜ. ಬಾವು ಬಾರದ ಹಾಗೆ ನೋಡಿಕೊಳ್ಳುವುದೇ ಅಗ್ಗ. ಕರೆದ ಮೇಲೆ ಮೊಲೆತೊಟ್ಟಿನ ತೂತು ಅರ್ಧ ಗಂಟೆ ತೆರೆದೇ ಇರುತ್ತದೆ. ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿ. ತಿನ್ನುತ್ತಾ ನಿಂತಿರುತ್ತದೆ, ಸಗಣಿಯಲ್ಲಿ ಮಲಗುವುದಿಲ್ಲ.

ರಘು: ಸರ್ಕಾರ ಸುಮ್ನೆ ಕೂತಿದೆ ಅಲ್ವಾ?

ವಿದ್ಯಾ: ಪೂರ್ತಿ ಸುಮ್ನೆ ಇಲ್ಲ. ಕೊಲಿಸ್ಟಿನ್ ಅನ್ನುವ ಆಂಟಿಬಯೋಟಿಕ್, ಬೇರೆ ಯಾವುದೂ ನಾಟದಾಗ ಮನುಷ್ಯರಿಗೆ ಕೊನೆಗೆ ಕೊಡುವ ಔಷಧಿ ಅಂತ 2019ರಲ್ಲಿ ಹಾಲು, ಮಾಂಸಕ್ಕೆ ಸಾಕುವ ಪ್ರಾಣಿಗಳಿಗೆ ನಿಷೇಧ ಮಾಡಿತು. ಮೆಡಿಕಲ್‌ನಲ್ಲಿ ಹಳೇ ಚೀಟಿ ನಡೆಯುತ್ತದೆ, ಅದು ಬೇರೆ ಮಾತು.

ಸುಮಾ ಅತ್ತೆ: ನಾನಂತೂ ಹಾಲು ಎರಡು ಸಲ ಕಾಯಿಸುತ್ತೇನೆ. ಏನೂ ಆಗುವುದಿಲ್ಲ.

ವಿದ್ಯಾ: ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ ಅತ್ತೆ. ಔಷಧಿಯ ಅಂಶ ಬಹಳಷ್ಟು ಹಾಗೇ ಉಳಿಯುತ್ತದೆ. ಜಾಸ್ತಿ ಇದ್ದರೆ ಹೆಪ್ಪು ಹಾಕಿದರೂ ಮೊಸರಾಗುವುದಿಲ್ಲ. ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾನೇ ಅಲ್ವಾ.

ಸುಮಾ ಅತ್ತೆ: ಅಣ್ಣ, ಹೋದ ಭಾನುವಾರ ಕ್ಯಾನಿನಲ್ಲಿ ಕೊಟ್ಟು ಕಳಿಸಿದೆಯಲ್ಲ ಹಾಲು? ಎರಡು ದಿನ ಇಟ್ಟರೂ ಮೊಸರಾಗಲಿಲ್ಲ. ನಾನು ಚಳಿಗೆ ಅಂದುಕೊಂಡೆ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ