ದುರ್ಗದಬೈಲ್‌ನ್ಯಾಗ ಒಂದ ಸಂಜಿ, ಇಬ್ಬರು: ಯಾವುದು ಮೊದಲ, ಯಾವುದು ಬ್ಯಾಡ?

ಉಣಕಲ್_ದಂಡಿ (ಪ್ರಶ್ನೆ)

ಮೇ ಎರಡನೇ ವಾರ ಬೆಂಗಳೂರಿಂದ ಗೆಳತಿ ಬರಾಕತ್ತಾಳ. ಹುಬ್ಬಳ್ಳ್ಯಾಗ ಇರೋದು ಒಂದ ಸಂಜಿ. ತಿಂಡಿ ಗಾಡಿ ಸಾಲಾಗಿ ನಿಲ್ಲೋ ದುರ್ಗದಬೈಲ್ ಪೂರಾ ತಿರುಗಿ ಗಿರ್ಮಿಟ್ (ಗೊಜ್ಜು ಕಲಸಿದ ಚುರುಮರಿ, ಅಂದ್ರ ಮಂಡಕ್ಕಿ), ಮಿರ್ಚಿ (ಮೆಣಸಿನಕಾಯಿ ಬಜಿ), ಗೋಬಿ, ಮೋಮೋ, ಪಾನಿಪುರಿ, ಕುಲ್ಫಿ ಎಲ್ಲಾದರ ರುಚಿನೂ ನೋಡಬೇಕಂತ. ಇಬ್ಬರೂ ಸಸ್ಯಾಹಾರಿ. ಆಕಿಗೆ ಖಾರ ಅಷ್ಟಕ್ಕಷ್ಟ.

ಯಾವ ಗಾಡಿ ಅಂತ ಹೆಸರು ಬ್ಯಾಡ. ನಿಂತು ನೋಡಿದ ಕೂಡಲೇ ಗೊತ್ತಾಗುವಂಥಾ ಗುರುತು ಹೇಳ್ರಿ. ಯಾವ ಕ್ರಮದಾಗ ತಿಂದ್ರ ಎರಡನೇ ಗಾಡಿಗೇ ಹೊಟ್ಟಿ ತುಂಬಂಗಿಲ್ಲ? ಈ ಬಿಸಿಲಿನ್ಯಾಗ ಯಾವುದಕ್ಕ ಕೈ ಹಚ್ಚಬಾರದು? ಮತ್ತ, ಮನ್ಯಾಗ ಮಾಡಿದ ಗಿರ್ಮಿಟ್ ತಾಟಿಗೆ ಹಾಕೋದರಾಗ ಮುದ್ದಿ ಆಗತೈತಿ, ಯಾಕ?

ಚುರುಮರಿ_ಚೀಲ

ಮೊದಲ ಲೆಕ್ಕ. ಆರು ಪದಾರ್ಥ, ಆರು ಪ್ಲೇಟ್, ಹಂಚಿಕೊಂಡ್ರ ತಲಿಗೆ ಮೂರು. ಮಂದಿ ಸೋಲೋದು ಎಲ್ಲಿ ಅಂದ್ರ, ಮೊದಲನೇ ಗಾಡಿ ಮುಂದನ ತಲಿಗೊಂದು ಗಿರ್ಮಿಟ್, ತಲಿಗೆ ಎರಡೆರಡು ಮಿರ್ಚಿ ಹೇಳಿಬಿಡತಾರ. ಕಡ್ಲಿಹಿಟ್ಟು, ಎಣ್ಣಿ ಎರಡೂ ಕೂಡಿ ಹೊಟ್ಟ್ಯಾಗ ಕುಂತವಂದ್ರ ಮುಂದ ಎರಡು ತಾಸು ಏನೂ ಸೇರಂಗಿಲ್ಲ. ಒಂದ ಗಿರ್ಮಿಟ್, ಎರಡ ಮಿರ್ಚಿ, ಎರಡು ಚಮಚ ಕೇಳ್ರಿ. ಯಾರೂ ಏನೂ ಅನ್ನಂಗಿಲ್ಲ.

ಮೇದಾಗ ಹೊತ್ತು ಮುಳುಗೋದು 6:50ರ ಸುಮಾರು. 7ಕ್ಕ ಅಲ್ಲಿರ್ರಿ. ಗಾಡಿ ಹಚ್ಚಿ ಸ್ವಲ್ಪ ಹೊತ್ತಾಗಿರತೈತಿ, ಎಣ್ಣಿ ಇನ್ನೂ ದಣಿದಿರಂಗಿಲ್ಲ, ಗದ್ದಲಾನೂ ಏರಿರಂಗಿಲ್ಲ. ಶನಿವಾರ, ರವಿವಾರ ತಪ್ಪಿಸ್ರಿ. ನಿಲ್ಲಾಕ ಜಾಗಾ ಸಿಗೋದ ಕಷ್ಟ.

ಕ್ರಮ: ಗಿರ್ಮಿಟ್-ಮಿರ್ಚಿ ಮೊದಲ, ಆಮ್ಯಾಲೆ ಮೋಮೋ, ನಡುವ ಒಂದ ಸುತ್ತು ನಡದು ಗೋಬಿ, ಕಡೀಕ ಕುಲ್ಫಿ. ಗೋಬಿ ಮುಂಚೆ ತಿಂದ್ರಿ ಅಂದ್ರ ಬಳ್ಳೊಳ್ಳಿ, ಸೋಯಾ ಸಾಸ್ ನಾಲಗಿ ಮ್ಯಾಲ ಕುಂತು ಉಳಿದದ್ದೆಲ್ಲಾ ಸಪ್ಪಗ ಹತ್ತತೈತಿ.

ಇನ್ನ ಮನಿ ಗಿರ್ಮಿಟ್. ಮುದ್ದಿ ಆಗಾಕ ಮೂರು ಕಾರಣ, ಮೂರೂ ನೀರಿಂದವ: ಗೊಜ್ಜು ತೆಳ್ಳಗ, ಗೊಜ್ಜು ಬಿಸಿ, ಚುರುಮರಿ ಮೊದಲ ಮೆತ್ತಗ. ಇಬ್ಬರಿಗೆ ಅಳತಿ ಹಿಂಗ ಇಟಗೊಳ್ರಿ. ಅಡಿಕಿಯಷ್ಟು ಹುಣಸಿಹಣ್ಣು ಅರ್ಧ ಬಟ್ಟಲ ನೀರಿನ್ಯಾಗ ನೆನಸಿ ಹಿಂಡ್ರಿ. ಎರಡು ಚಮಚ ಎಣ್ಣಿಗೆ ಸಾಸಿವಿ, ಜೀರಗಿ, ಕರಿಬೇವು, ಎರಡು ಹಸಿಮೆಣಸಿನಕಾಯಿ, ಸಣ್ಣಗ ಹೆಚ್ಚಿದ ಒಂದ ದೊಡ್ಡ ಉಳ್ಳಾಗಡ್ಡಿ, ಕಾಲು ಚಮಚ ಅರಿಷಿಣ. ಉಳ್ಳಾಗಡ್ಡಿ ಮೆತ್ತಗಾದ ಮ್ಯಾಲ ಹುಳಿ, ಒಂದ ಚಮಚ ಬೆಲ್ಲ. ಸಣ್ಣ ಉರಿಯಾಗ ಏಳೆಂಟು ನಿಮಿಷ, ಬದಿಗೆ ಎಣ್ಣಿ ಬಿಡೋ ತನಕಾ ಕುದಿಸ್ರಿ. ಚಮಚಾ ಎಳದ್ರ ಪಾತ್ರಿ ತಳಾ ಕಾಣಬೇಕು, ಗೊಜ್ಜು ತಿರುಗಿ ಬಂದು ಸಾವಕಾಶ ಕೂಡಬೇಕು. ಅದು ಹದಾ. ಪೂರ್ತಿ ಆರಬೇಕು, ಬೆಚ್ಚಗಿದ್ರೂ ನಡಿಯಂಗಿಲ್ಲ.

ನಾಲ್ಕು ಬಟ್ಟಲ ಚುರುಮರಿಗೆ ಈ ಗೊಜ್ಜಿನಾಗ ಐದಾರು ಚಮಚ ಸಾಕು. ಕಲಸಿದ ಕೂಡಲೇ ಎರಡು ದೊಡ್ಡ ಚಮಚ ಪುಠಾಣಿ (ಹುರಿಗಡಲೆ) ಹಿಟ್ಟು ಉದುರಿಸ್ರಿ. ಪುಠಾಣಿ ಬರೇ ರುಚಿಗೆ ಅಂದ್ಕೊಂಡಿರತಾರ. ಗೊಜ್ಜಿನ ಹಸಿ ಎಳಕೊಂಡು ಚುರುಮರಿ ಮ್ಯಾಲ ಪದರು ಕಟ್ಟೋದು ಅದ. ಹಸಿ ಉಳ್ಳಾಗಡ್ಡಿ, ಕೊತ್ತಂಬ್ರಿ, ಟೊಮೇಟೊ, ಸೇವು ಕಡೀಕ, ತಾಟಿನ್ಯಾಗ. ಉಪ್ಪು ಕೈ ಹಿಡದು ಹಾಕ್ರಿ, ಚುರುಮರ್ಯಾಗ ಮೊದಲ ಉಪ್ಪಿರತೈತಿ. ಮೇದಾಗ ಮಧ್ಯಾಹ್ನ ಅಡ್ಡಮಳಿ ಬಂದಿದ್ರ ಚುರುಮರಿ ಒಣ ಬಾಣಲ್ಯಾಗ ಮೂರು ನಿಮಿಷ ಬೆಚ್ಚಗ ಮಾಡಿ ಆರಿಸಿ ತಗೋರಿ. ಎರಡು ಬೆರಳಿನ್ಯಾಗ ಒತ್ತಿದ್ರ ಪುಡಿ ಆಗಬೇಕು, ಚಪ್ಪಟಿ ಆಗಬಾರದು.

ಗಾಡಿ ಮುಂದನೂ ಇದ ಗುರುತು. ನೀವು ಕೇಳಿದ ಮ್ಯಾಲ ಕಲಸಿದ್ರ ನಿಲ್ರಿ. ಕಲಸಿ ಗುಡ್ಡಿ ಹಾಕಿದ್ರ ಮುಂದ ಹೋಗ್ರಿ. ಕೈಗೆ ಬಂದ ನಾಕು ನಿಮಿಷದಾಗ ಮುಗಿಸಬೇಕು, ಫೋಟೋ ತಗೊಳ್ಳೋದು ಆಮ್ಯಾಲೆ.

ಗದಗ_ಕಡಾಯಿ

ಗಿರ್ಮಿಟ್ ಬಗ್ಗೆ ಹೇಳಿದ್ದು ಸರಿ. ಮಿರ್ಚಿಯ ಕತೆ ಬೇರೆ, ಅಲ್ಲಿ ಎಲ್ಲವೂ ಎಣ್ಣೆಯ ಮೇಲೆ ನಿಂತಿದೆ.

ಎಣ್ಣೆ ಕಾದಿದೆಯೋ ಇಲ್ಲವೋ ಎಂದು ನೋಡಲು ಥರ್ಮಾಮೀಟರ್ ಬೇಕಿಲ್ಲ. ಹಿಟ್ಟಿನ ಹನಿ ಅರ್ಧಕ್ಕೆ ಮುಳುಗಿ ತಕ್ಷಣ ಮೇಲೆದ್ದರೆ 170-180 ಡಿಗ್ರಿ ಆಸುಪಾಸಿನಲ್ಲಿದೆ ಎಂದರ್ಥ. ತಳದಲ್ಲೇ ಕೂತರೆ ಎಣ್ಣೆ ತಣ್ಣಗಿದೆ, ಬಜಿ ಎಣ್ಣೆ ಕುಡಿಯುತ್ತದೆ. ಗದ್ದಲದ ಹೊತ್ತಿನಲ್ಲಿ ಆಗುವ ತಪ್ಪು ಇದೇ: ಒಂದೇ ಸಲ ಇಪ್ಪತ್ತು ಮೆಣಸಿನಕಾಯಿ ಬಿಟ್ಟರೆ ಕಡಾಯಿಯ ಶಾಖ ಇಳಿದುಬಿಡುತ್ತದೆ. ಹಾಗಾಗಿ ಗದ್ದಲ ಇರುವ ಗಾಡಿಯ ಮಿರ್ಚಿಯೇ ಚಲೋ ಎಂಬ ಮಾತನ್ನು ಪೂರ್ತಿ ನಂಬಬೇಡಿ.

ಅಡುಗೆ ಸೋಡಾ ಹೆಚ್ಚಾದರೆ ಬಜಿ ಉಬ್ಬಿ ಚೆಂದ ಕಾಣುತ್ತದೆ, ಒಳಗೆ ಜೊಳ್ಳು. ಕಾಗದದ ಮೇಲಿಟ್ಟರೆ ಎಣ್ಣೆಯ ಕಲೆ ಅಂಗೈ ಅಗಲ ಹರಡುತ್ತದೆ. ಒಂದು ಬಟ್ಟಲು ಕಡಲೆಹಿಟ್ಟಿಗೆ ಚಿಟಿಕೆ ಸೋಡಾ, ಒಂದು ಚಮಚ ಅಕ್ಕಿಹಿಟ್ಟು, ಕಾಲು ಚಮಚ ಅಜವಾನ, ಒಂದು ಚಮಚ ಕಾದ ಎಣ್ಣೆ. ಇಷ್ಟೇ ಸಾಕು. ಹಿಟ್ಟು ಮೆಣಸಿನಕಾಯಿಗೆ ಹತ್ತಿಕೊಂಡು ನಿಲ್ಲಬೇಕು, ಸೋರಬಾರದು. ಮೆಣಸಿನಕಾಯಿ ತೊಳೆದು ಒರೆಸದೇ ಅದ್ದಿದರೆ ಕರಿಯುವಾಗ ಹಿಟ್ಟು ಬಿಟ್ಟುಕೊಂಡು ಎಣ್ಣೆ ಸಿಡಿಯುತ್ತದೆ.

ಎಣ್ಣೆ ಹಳತೋ ಹೊಸತೋ ಎಂಬುದಕ್ಕೆ ಬಣ್ಣಕ್ಕಿಂತ ನೊರೆ ನೋಡಿ. ಬಜಿ ಬಿಟ್ಟಾಗ ದೊಡ್ಡ ಗುಳ್ಳೆ ಎದ್ದು ಒಡೆದುಹೋದರೆ ಸರಿ. ಸಣ್ಣ ನೊರೆ ಸೋಪಿನ ನೊರೆಯ ಹಾಗೆ ಕಡಾಯಿ ತುಂಬ ನಿಂತರೆ, ಏನೂ ಕರಿಯದಿದ್ದಾಗಲೂ ಹೊಗೆ ಬರುತ್ತಿದ್ದರೆ, ಆ ಎಣ್ಣೆಯ ಆಯುಷ್ಯ ಮುಗಿದಿದೆ. ಪದೇ ಪದೇ ಕಾಸಿದ ಎಣ್ಣೆಯಲ್ಲಿ ಪೋಲಾರ್ ಅಂಶ, ಅಂದರೆ ಎಣ್ಣೆ ಕೆಡುವಾಗ ಹುಟ್ಟುವ ವಸ್ತುಗಳು, ಹೆಚ್ಚುತ್ತ ಹೋಗುತ್ತದೆ. ಅದು 25% ದಾಟಿದ ಎಣ್ಣೆ ಬಳಸಬಾರದು ಎಂಬ ನಿಯಮ 2018ರ ಜುಲೈ 1ರಿಂದ ದೇಶಕ್ಕೆಲ್ಲ ಜಾರಿಯಲ್ಲಿದೆ. ಗಾಡಿಯಲ್ಲಿ ಅಳೆಯುವವರು ಯಾರು, ಅದು ಬೇರೆ ಮಾತು.

ನಿಮ್ಮ ಗೆಳತಿಗೆ ಒಂದು ಉಪಾಯ: ಖಾರ ಇರುವುದು ಬೀಜದಲ್ಲಲ್ಲ, ಬೀಜ ಹಿಡಿದುಕೊಂಡ ಬಿಳಿ ನಾರಿನಲ್ಲಿ. ಆ ನಾರು ದಟ್ಟವಾಗಿರುವುದು ತೊಟ್ಟಿನ ಕಡೆ. ಚೂಪು ತುದಿಯಿಂದ ತಿನ್ನುತ್ತ ಬಂದು ಕೊನೆಯ ಒಂದು ಇಂಚು ಬಿಟ್ಟುಬಿಡಲಿ. ಬಾಯಿ ಉರಿದರೆ ನೀರು ಕುಡಿಯುವುದು ದಂಡ, ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ. ಮಜ್ಜಿಗೆ ಅಥವಾ ಹಾಲಿನದು ಏನಾದರೂ ಬೇಕು.

ಮುಂಡಗೋಡ_ರಸ್ತಾ

ಕ್ರಮದ ವಿಷಯದಾಗ ಚುರುಮರಿ_ಚೀಲ ಅವರ ಮಾತು ನಾ ಒಪ್ಪಂಗಿಲ್ಲ. ಮೋಮೋ ಮೊದಲ ಆಗಬೇಕು. ಕೋಸು, ಗಜ್ಜರಿ, ಉಳ್ಳಾಗಡ್ಡಿ ಹಾಕಿ ಹಬಿಯಾಗ ಬೇಯಿಸಿದ ಸಪ್ಪನ ಪದಾರ್ಥ ಅದು. ಮಿರ್ಚಿ ತಿಂದ ಬಾಯಿಗೆ ಅದರ ರುಚಿ ಏನು ಹತ್ತತೈತಿ? ಹಬಿದು ಮೊದಲ, ಹುಳಿ-ಸಿಹಿದು ಆಮ್ಯಾಲೆ, ಕರದದ್ದು ಅದರ ಮ್ಯಾಲ.

ಮೋಮೋ ಗುರುತು: ಮೇಲ್ಪದರು ತೆಳ್ಳಗಿದ್ದು ಒಳಗಿನ ಹೂರಣ ನೆರಳಿನಂಗ ಕಾಣಬೇಕು, ಆದ್ರ ಎತ್ತಿದ್ರ ಹರಿಬಾರದು. ಶಾಕಾಹಾರಿ ಮೋಮೋ ಬೇಯಾಕ 8-10 ನಿಮಿಷ ಸಾಕು. ತಾಸುಗಟ್ಟಲೆ ಸ್ಟೀಮರ್‌ನ್ಯಾಗ ಕುಂತದ್ದು ಅಂಟಂಟ ಆಗಿ ತಳಕ್ಕ ಹತ್ತಿ, ಎತ್ತುವಾಗ ಬುಡಾ ಹರಿತೈತಿ. ಬುಡಾ ಹರದ ಮೋಮೋ ಕೊಟ್ರ ಹೊಸಾದು ಕೇಳ್ರಿ, ಹತ್ತು ನಿಮಿಷ ನಿಲ್ಲೋದು ತಡಿ ಅಲ್ಲ.

ಸಸ್ಯಾಹಾರಿಗಳು ಇದನ್ನ ಮರೀಬ್ಯಾಡ್ರಿ: ಸ್ಟೀಮರ್ ಅಂದ್ರ ಒಂದರ ಮ್ಯಾಲ ಒಂದು ತೂತಿನ ತಟ್ಟಿ. ಚಿಕನ್ ತಟ್ಟಿ ಮ್ಯಾಲಿದ್ರ ಅದರ ನೀರು ಕೆಳಗಿನ ತಟ್ಟಿಗೆ ತೊಟ್ಟಿಕ್ಕತೈತಿ. ಶಾಕಾಹಾರಿ ಅಷ್ಟ ಮಾಡೋ ಗಾಡಿ ಹುಡುಕೋದು ಒಳ್ಳೇದು. ಬಿಳಿ ಮಯೋನೀಸ್ ಬ್ಯಾಡ ಅನ್ರಿ, ಹಸಿ ತತ್ತಿದಿದ್ರ ನಿಮಗ ನಡಿಯಂಗಿಲ್ಲ, ಈ ಸೆಕಿಯಾಗ ಹೊರಗಿಟ್ಟ ಡಬ್ಬಿ ಅಂದ್ರ ಯಾರಿಗೂ ನಡಿಯಂಗಿಲ್ಲ. ಹಸಿ ತತ್ತಿ ಮಯೋನೀಸ್‌ನ ತೆಲಂಗಾಣ 2024ರ ಅಕ್ಟೋಬರ್‌ನ್ಯಾಗ, ತಮಿಳುನಾಡು 2025ರ ಏಪ್ರಿಲ್‌ನ್ಯಾಗ ಒಂದೊಂದು ವರ್ಷ ಬಂದ್ ಮಾಡಿದ್ದು ಸುಮ್ಮನ ಅಲ್ಲ. ಕೆಂಪು ಮೆಣಸಿನಕಾಯಿ-ಟೊಮೇಟೊ ಚಟ್ನಿ ಸಾಕು.

ಗೆಳತಿ ಇನ್ನೊಂದು ದಿನಾ ಉಳದ್ರ ಮುಂಡಗೋಡಕ್ಕ ಹೋಗಿ ಬರ್ರಿ, ಹುಬ್ಬಳ್ಳಿಯಿಂದ 50 ಕಿಲೋಮೀಟರ್ ಆಸುಪಾಸು. 1966ರಿಂದ ಅಲ್ಲಿ ಟಿಬೆಟಿಯನ್ನರ ನೆಲಿ ಐತಿ. ಥುಕ್ಪಾ ಅಂದ್ರ ನೂಡಲ್ಸ್ ಹಾಕಿದ ಸಾರು, ಲಾಫಿಂಗ್ ಅಂದ್ರ ಹೆಸರಿನ ಪಿಷ್ಟ ಗಟ್ಟಿ ಮಾಡಿ ಕೊಯ್ದ ತಣ್ಣನ ಪಟ್ಟಿ, ಮ್ಯಾಲ ಬಳ್ಳೊಳ್ಳಿ ನೀರು, ಸೋಯಾ, ಖಾರದ ಎಣ್ಣಿ. ಬ್ಯಾಸಗಿಗೆ ಅಂತನ ಹುಟ್ಟಿದಂಗ ಐತಿ ಅದು.

ಬ್ಯಾಡಗಿ_ಕಡ್ಡಿ

ಗೋಬಿ ಬಗ್ಗೆ ಯಾರೂ ಬಾಯಿ ಬಿಡವಲ್ರಿ, ನಾನ ಹೇಳತೇನಿ. ಮೇ ತಿಂಗಳು ಹೂಕೋಸಿನ ಕಾಲ ಅಲ್ಲ. ಅದು ಚಳಿಗಾಲದ ಕಾಯಿಪಲ್ಯ. ಈಗ ಬರೋ ಹೂವು ಸಣ್ಣದು, ಬಿಡಿಬಿಡಿ, ಹುಳಾ ಜಾಸ್ತಿ, ರೇಟೂ ಜಾಸ್ತಿ. ಅದಕ್ಕ ಬ್ಯಾಸಗ್ಯಾಗ ಗೋಬಿಯೊಳಗ ಎಲಿಕೋಸು ಸೇರತೈತಿ. ಒಂದು ತುಂಡು ಮುರದು ನೋಡ್ರಿ: ಬಿಳಿ ದಂಟು ಕಂಡ್ರ ಹೂಕೋಸು, ಪದರು ಪದರು ಬಿಚ್ಚಿದ್ರ ಎಲಿಕೋಸು. ಎಲಿಕೋಸು ತಿಂದ್ರ ಏನೂ ಆಗಂಗಿಲ್ಲ, ಗೋಬಿ ರೊಕ್ಕ ಕೊಡಬ್ಯಾಡ್ರಿ ಅಷ್ಟ.

ಬಣ್ಣ ಮುಖ್ಯ. 2024ರ ಮಾರ್ಚ್‌ನ್ಯಾಗ ನಮ್ಮ ರಾಜ್ಯದಾಗ ಗೋಬಿ ಮಂಚೂರಿ, ಬಾಂಬೆ ಮಿಠಾಯಿ ಎರಡಕ್ಕೂ ಕೃತಕ ಬಣ್ಣ ಬಂದ್ ಮಾಡಿದ್ರು. ಬಾಂಬೆ ಮಿಠಾಯಿಯಾಗ ರೋಡಮೈನ್-ಬಿ ಅಂತ ಬಟ್ಟಿಗೆ ಹಾಕೋ ಬಣ್ಣ ಸಿಕ್ಕಿತ್ತು. ಬ್ಯಾಡಗಿ ಮೆಣಸಿನಕಾಯಿ ಪುಡಿ ಬಣ್ಣ ಇಟ್ಟಂಗಿ ಬಣ್ಣ, ಕಂದು ಕಡೆ ವಾಲತೈತಿ. ಕುಂಕುಮದಂಗ ಹೊಳದ್ರ ಅನುಮಾನ ಪಡ್ರಿ. ಒಂದ ತುಂಡು ನೀರಿನ ಲೋಟದಾಗ ಬಿಡ್ರಿ. ಮೆಣಸಿನಕಾಯಿ ಬಣ್ಣ ಎಣ್ಣ್ಯಾಗ ಕರಗತೈತಿ, ನೀರಿನ್ಯಾಗ ಅಲ್ಲ. ಎಣ್ಣಿ ಹನಿ ಮ್ಯಾಲ ತೇಲತಾವ. ನೀರಿನ್ಯಾಗ ಗುಲಾಬಿ ಎಳಿ ಎಳಿ ಇಳದ್ರ ಅದು ಡಬ್ಬಿ ಬಣ್ಣ. ಕೆಂಪು ಸಾಸ್‌ನ್ಯಾಗೂ ಸ್ವಲ್ಪ ಬಣ್ಣ ಇರತೈತಿ, ಹಂಗಾಗಿ ಸಾಸ್ ಹಾಕೋಕಿಂತ ಮೊದಲಿನ, ಬರೇ ಕರದ ತುಂಡು ಕೇಳಿ ತಗೊಂಡು ನೋಡ್ರಿ.

ಡ್ರೈ ತಗೋರಿ, ಗ್ರೇವಿ ಬ್ಯಾಡ. ಗ್ರೇವಿಯಾಗ ಎರಡ ನಿಮಿಷಕ್ಕ ಮೈದಾ ಪದರು ಉಬ್ಬಿ ಬಿಡತೈತಿ. ಎರಡು ಸಲ ಕರದು, ದೊಡ್ಡ ಉರಿಯಾಗ ಸಾಸ್ ಕೂಡ ಅರ್ಧ ನಿಮಿಷ ಜಗ್ಗಾಡಿಸಿ ಇಳಿಸಿದ್ದು ಕರಕರ ಉಳೀತೈತಿ.

ಉಣಕಲ್_ದಂಡಿ

ಎಲ್ಲಾರಿಗೂ ಶರಣ್ರಿ. ಮೋಮೋ ಮೊದಲ ಅಂತ ಗಟ್ಟಿ ಮಾಡಿದೆ, ಚುರುಮರಿ ಅಣ್ಣಾ ಸಿಟ್ಟಾಗಬ್ಯಾಡ್ರಿ. ಪಾನಿಪುರಿ, ಬರ್ಫು, ಕಬ್ಬಿನ ಹಾಲು ಇವುಗಳ ಬಗ್ಗೆ?

ಚುರುಮರಿ_ಚೀಲ

ಸಿಟ್ಟೇನಿಲ್ಲ, ಮೊದಲ ಗಿರ್ಮಿಟ್ ತಿನ್ನೋರ ನಾಲಗಿ ಬ್ಯಾರೆ ಇರತೈತಿ.

ಪಾನಿಪುರಿ ಈ ಪಟ್ಟಿಯಿಂದ ತಗದುಬಿಡ್ರಿ. ಉಳದದ್ದೆಲ್ಲಾ ಬೆಂಕಿ ಕಂಡು ಬರತೈತಿ, ಪಾನಿ ಒಂದ ಕಾಣಂಗಿಲ್ಲ. ನೀರು ಕುದಿಸಿದ್ದಲ್ಲ, ಅದರಾಗ ಬರ್ಫು, ಅದರಾಗ ಕೈ. ಮುಂಜಾನೆ ಕುದಿಸಿದ ಬಟಾಟಿ ಸಂಜಿ ತನಕಾ ಇದ್ರ ಹುಳಿ ವಾಸನಿ ಬರತೈತಿ, ಬೆರಳಿಗೆ ನೂಲಿನಂಗ ಎಳೀತೈತಿ. ಆಕಿ ಬಿಡಲೇ ಇಲ್ಲಂದ್ರ ಸುಕ್ಕಾ ಪುರಿ (ಪಾನಿ ಇಲ್ಲದ್ದು) ಮಾಡಿಸ್ರಿ.

ಕಬ್ಬಿನ ಹಾಲು ಬರ್ಫು ಹಾಕದ, ಕಣ್ಣಮುಂದ ತೆಗಸಿ, ನೊರಿ ಇರುವಾಗನ ಕುಡೀರಿ. ಇಟ್ರ ಕಪ್ಪಾಗಿ ಹುಳಿ ಏರತೈತಿ. ಸೋಡಾ ಬಾಟ್ಲಿ ಮುಚ್ಚಳಾ ನಿಮ್ಮ ಮುಂದ ತೆಗಿಬೇಕು, ಲಿಂಬಿ ನಿಮ್ಮ ಮುಂದ ಹಿಂಡಬೇಕು.

ಕುಲ್ಫಿಗೆ ಹೆದರಬ್ಯಾಡ್ರಿ. ಗಡಿಗ್ಯಾಗಿನ ಬರ್ಫು-ಉಪ್ಪು ಅಚ್ಚಿನ ಹೊರಗಿರತೈತಿ, ಒಳಗ ಅಲ್ಲ. ಕಚ್ಚಿದ್ರ ಮೆತ್ತಗ ನುಣ್ಣಗ ಇರಬೇಕು. ಬರ್ಫಿನ ಹರಳು ಕರಕರ ಅಂದ್ರ ಒಮ್ಮೆ ಕರಗಿ ತಿರುಗಿ ಗಟ್ಟಿ ಆಗಿದ್ದು, ಬಿಟ್ಟುಬಿಡ್ರಿ.

ಲೈನ್‌ಬಜಾರ್_ಮೂಲಿ

ಧಾರವಾಡದಾಗ ಇಳಕೊಳ್ಳೋದಿದ್ರ ನಿಮ್ಮ ಕಾರು-ಬೈಕು ತರಬ್ಯಾಡ್ರಿ, ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ಸಿಗೆ ಬರ್ರಿ, ದುರ್ಗದಬೈಲ್ ಸುತ್ತ ಗಾಡಿ ನಿಲ್ಲಿಸಾಕ ಜಾಗಾ ಹುಡುಕೋದರಾಗ ಅರ್ಧ ತಾಸು ಹೊಕ್ಕತಿ. ಪೇಢೆ ಅದ ದಿನಾ ತಿನ್ನಾಕ ಹೋಗಬ್ಯಾಡ್ರಿ, ಗೋಬಿ ಮ್ಯಾಲ ಅದರ ಖೋವಾ ರುಚಿ ಗೊತ್ತಾಗಂಗಿಲ್ಲ. ಮುಂಜಾನೆ ಕಟ್ಟಿಸಿ ಗೆಳತಿ ಚೀಲದಾಗ ಹಾಕ್ರಿ, ಬಸ್ಸಿನ್ಯಾಗ ಕೆಡಂಗಿಲ್ಲ. ಚಿಲ್ಲರೆ ನೋಟು ಇಟಗೊಳ್ರಿ, ಗದ್ದಲದಾಗ ನೆಟ್‌ವರ್ಕ್ ಕೈ ಕೊಟ್ರ ಗಿರ್ಮಿಟ್ ಕೈಯಾಗ ಮೆತ್ತಗಾಗತೈತಿ.